ಮನೆಯಲ್ಲಿ ತಯಾರಿಸಿದ ಕ್ರೀಮ್ ಚೀಸ್ ಸುರುಳಿಯ ಕ್ಯಾರೆಟ್ ಕೇಕ್ ಬಾರ್: ತಯಾರಿಕೆ, ಶೇಖರಣೆ, ಲೇಬಲ್ ಮತ್ತು ನೋಂದಣಿ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಮನೆಯ ಅಡುಗೆಮನೆಯಲ್ಲಿಯೇ ಕೇಕ್ ತಯಾರಿಸಿ ನೆರೆಹೊರೆಯವರಿಗೆ, ಕಚೇರಿಗಳಿಗೆ ಹಾಗೂ ಸಮಾರಂಭಗಳಿಗೆ ಒದಗಿಸುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ಆಹಾರ ವ್ಯಾಪಾರಿಗಳೆನಿಸುತ್ತಾರೆ. ವ್ಯಾಪಾರವು ಎಷ್ಟೇ ಚಿಕ್ಕದಾಗಿದ್ದರೂ ನೋಂದಣಿ ಅಗತ್ಯ. ಆದರೆ ನೋಂದಣಿ ಪತ್ರವೊಂದರಿಂದಲೇ ತಿನಿಸು ಸುರಕ್ಷಿತವಾಗುವುದಿಲ್ಲ. ತಯಾರಿಸುವ ತಿನಿಸು ಯಾವ ಬಗೆಯದು, ಅದು ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ, ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಅರ್ಜಿದಾರರು ಮೊದಲು ತಿಳಿದಿರತಕ್ಕದ್ದು.

ಈ ವಿಷಯವನ್ನು ವಿವರಿಸಲು ಕ್ರೀಮ್ ಚೀಸ್ ಸುರುಳಿಯ ಕ್ಯಾರೆಟ್ ಕೇಕ್ ಬಾರ್ ಅನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಕ್ಯಾರೆಟ್ (ಗಜ್ಜರಿ) ತುರಿ ಬೆರೆಸಿದ ಕೇಕ್ ಹಿಟ್ಟಿನ ಮೇಲೆ ಕ್ರೀಮ್ ಚೀಸ್ ಮಿಶ್ರಣವನ್ನು ಸುರುಳಿಯಾಗಿ ಎಳೆದು, ಬೇಯಿಸಿ, ಚೌಕಾಕಾರವಾಗಿ ಕತ್ತರಿಸಿದ ತಿನಿಸು ಇದು. ನೋಡಲು ಸಾಧಾರಣ ಬೇಕರಿ ಕೇಕಿನಂತೆಯೇ ಇರುತ್ತದೆ. ಆದರೆ ಮೇಲಿನ ಆ ಬಿಳಿಯ ಸುರುಳಿಯಿಂದಾಗಿ ಇದು ಗಾಜಿನ ಕಪಾಟಿನಲ್ಲಿ ಇಟ್ಟು ಮಾರುವ ತಿನಿಸಾಗಿ ಉಳಿಯುವುದಿಲ್ಲ, ತಂಪಿನಲ್ಲಿಯೇ ಇಡಬೇಕಾದ ತಿನಿಸಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದಲೇ ತೊಂದರೆಗಳು ಉಂಟಾಗುತ್ತವೆ.

2. ಹಿನ್ನೆಲೆ

ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಯೂರೋಪಿನ ಅಡುಗೆಮನೆಗಳಲ್ಲಿ ಸಿಹಿ ತಿನಿಸುಗಳಿಗೆ ಕ್ಯಾರೆಟ್ ಬಳಸುವ ರೂಢಿ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜನವರಿ 8ರಿಂದ ಬ್ರಿಟನ್ನಿನಲ್ಲಿ ಸಕ್ಕರೆಗೆ ಪಡಿತರ ಜಾರಿಯಾಯಿತು. ಆಗ ಅಲ್ಲಿನ ಆಹಾರ ಸಚಿವಾಲಯವು ಕರಪತ್ರಗಳ ಮೂಲಕ ಕ್ಯಾರೆಟ್ ಬಳಕೆಯನ್ನು ಪ್ರಚಾರ ಮಾಡಿತು. ಸಕ್ಕರೆಯ ಪಡಿತರ ಕೊನೆಗೊಂಡದ್ದು 1953ರಲ್ಲಿ. ಕ್ರೀಮ್ ಚೀಸ್ ಎಂಬ ಮೃದುವಾದ, ಮಾಗಿಸದೆ ತಾಜಾ ಆಗಿಯೇ ಬಳಸುವ ಚೀಸ್, 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಾಣಿಜ್ಯ ಪ್ರಮಾಣದಲ್ಲಿ ತಯಾರಾಗತೊಡಗಿತು. ಅಮೆರಿಕದ ಮಾನದಂಡದಂತೆ ಅದರಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 33ರಷ್ಟಿದ್ದು, ತೇವಾಂಶ ಶೇ. 55ನ್ನು ಮೀರುವಂತಿಲ್ಲ. ಕ್ಯಾರೆಟ್ ಕೇಕ್ ಮತ್ತು ಕ್ರೀಮ್ ಚೀಸಿನ ಜೋಡಿ ಜನಪ್ರಿಯವಾದದ್ದು ಅಮೆರಿಕದಲ್ಲಿ.

ಮೇಲಿನ ತೇವಾಂಶದ ಪ್ರಮಾಣವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಗಟ್ಟಿ ಚೀಸಿನಂತೆ ಕ್ರೀಮ್ ಚೀಸ್ ಬಹುಕಾಲ ಉಳಿಯುವುದಿಲ್ಲ. ತೇವ ಮತ್ತು ಹಾಲಿನ ಅಂಶ ಹೆಚ್ಚಾಗಿರುವುದರಿಂದ ಸೂಕ್ಷ್ಮಜೀವಿಗಳು ಬೆಳೆಯಲು ಅವಕಾಶವಿರುತ್ತದೆ.

3. ಬೇಕಾಗುವ ಸಾಮಗ್ರಿಗಳು (20 ಸೆಂ.ಮೀ. ಚೌಕದ ಒಂದು ಟ್ರೇಗೆ, 16 ಬಾರ್‌ಗಳು)

ಕೇಕ್ ಭಾಗಕ್ಕೆ:
ಅ) ಮೈದಾ – 125 ಗ್ರಾಂ
ಆ) ಕಂದು ಸಕ್ಕರೆ – 150 ಗ್ರಾಂ
ಇ) ಕ್ಯಾರೆಟ್ ತುರಿ – 150 ಗ್ರಾಂ
ಈ) ಮೊಟ್ಟೆ – 2
ಉ) ವಾಸನೆಯಿಲ್ಲದ ಅಡುಗೆ ಎಣ್ಣೆ – 90 ಗ್ರಾಂ
ಊ) ಅಕ್ರೋಟು – 50 ಗ್ರಾಂ
ಋ) ಬೇಕಿಂಗ್ ಪೌಡರ್ – 1 ಟೀ ಚಮಚ, ಅಡುಗೆ ಸೋಡಾ – ಕಾಲು ಟೀ ಚಮಚ, ಉಪ್ಪು – ಕಾಲು ಟೀ ಚಮಚ
ಎ) ಚಕ್ಕೆ ಪುಡಿ – 1 ಟೀ ಚಮಚ, ಜಾಯಿಕಾಯಿ ಪುಡಿ – ಚಿಟಿಕೆ

ಸುರುಳಿ ಭಾಗಕ್ಕೆ:
ಅ) ಕ್ರೀಮ್ ಚೀಸ್ – 200 ಗ್ರಾಂ
ಆ) ಪುಡಿ ಸಕ್ಕರೆ – 40 ಗ್ರಾಂ
ಇ) ಮೊಟ್ಟೆಯ ಹಳದಿ – 1
ಈ) ಮೈದಾ – 1 ಟೀ ಚಮಚ, ವೆನಿಲಾ – ಅರ್ಧ ಟೀ ಚಮಚ

ಮಾರಾಟಕ್ಕಾಗಿ ತಯಾರಿಸುವವರು ಎಲ್ಲ ಮುಖ್ಯ ಸಾಮಗ್ರಿಗಳನ್ನು ತಕ್ಕಡಿಯಲ್ಲಿ ತೂಗಿಯೇ ಬಳಸುವುದು. ಬಟ್ಟಲಿನ ಅಳತೆ ಪ್ರತಿ ಸಲವೂ ಬೇರೆಯಾಗುತ್ತದೆ. ತೂಕದ ಲೆಕ್ಕವಿದ್ದರೆ ಮಾತ್ರ ಮುಂದೆ ಲೇಬಲಿನಲ್ಲಿ ಬರೆಯುವ ವಿವರಗಳು ಸತ್ಯವಾಗಿರುತ್ತವೆ.

4. ತಯಾರಿಸುವ ವಿಧಾನ

4.1 ಕ್ಯಾರೆಟ್: ನೆಲದೊಳಗೆ ಬೆಳೆಯುವ ಗೆಡ್ಡೆಯಾದುದರಿಂದ ಕ್ಯಾರೆಟ್ಟಿಗೆ ಮಣ್ಣು ಅಂಟಿರುತ್ತದೆ. ಹರಿಯುವ ಕುಡಿಯುವ ನೀರಿನಲ್ಲಿ ಉಜ್ಜಿ ತೊಳೆದು, ಸಿಪ್ಪೆ ತೆಗೆದು, ಸಣ್ಣಗೆ ತುರಿಯುವುದು. ಕ್ಯಾರೆಟ್ಟಿನಲ್ಲಿ ಸುಮಾರು ಶೇ. 88ರಷ್ಟು ನೀರಿರುತ್ತದೆ. ದಪ್ಪ ತುರಿಯಿಂದ ಈ ನೀರು ಕೇಕಿನಲ್ಲಿ ಒಂದೆಡೆ ನಿಂತು ಹಸಿಯಾದ ಗುಳಿಗಳಾಗುತ್ತವೆ. ಸಣ್ಣ ತುರಿ ಹಿಟ್ಟಿನೊಂದಿಗೆ ಸಮನಾಗಿ ಬೆರೆಯುತ್ತದೆ. ಕ್ಯಾರೆಟ್ ಹಲ್ವಕ್ಕೆ ಮಾಡುವಂತೆ ತುರಿಯನ್ನು ಮೊದಲೇ ಹುರಿಯುವ ಅಗತ್ಯವಿಲ್ಲ. ತುರಿದ ಬಳಿಕ ಹೆಚ್ಚು ಹೊತ್ತು ಇಡದೆ ಬಳಸುವುದು.

4.2 ಕೇಕ್ ಹಿಟ್ಟು: ಓವನ್ ಅನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಮುಂಚಿತವಾಗಿ ಕಾಯಿಸುವುದು. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಮತ್ತು ಮಸಾಲೆ ಪುಡಿಗಳನ್ನು ಒಟ್ಟಿಗೆ ಜರಡಿ ಹಿಡಿಯುವುದು. ಬೇರೊಂದು ಪಾತ್ರೆಯಲ್ಲಿ ಮೊಟ್ಟೆ, ಕಂದು ಸಕ್ಕರೆ ಮತ್ತು ಎಣ್ಣೆಯನ್ನು ಚೆನ್ನಾಗಿ ಕಲಕಿ, ಅದಕ್ಕೆ ಜರಡಿ ಹಿಡಿದ ಹಿಟ್ಟು, ಬಳಿಕ ಕ್ಯಾರೆಟ್ ತುರಿ ಮತ್ತು ಅಕ್ರೋಟಿನ ಚೂರುಗಳನ್ನು ಸೇರಿಸುವುದು. ಹಿಟ್ಟು ಹಾಕಿದ ಮೇಲೆ ಹೆಚ್ಚು ಕಲಕಿದರೆ ಗೋಧಿಯಲ್ಲಿರುವ ಗ್ಲುಟೆನ್ ಬಲಗೊಂಡು ಕೇಕ್ ಗಟ್ಟಿಯಾಗುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನಂತಹ ರುಚಿ ಬರುತ್ತದೆ.

4.3 ಸುರುಳಿ: ಕ್ರೀಮ್ ಚೀಸನ್ನು ಮೃದುವಾಗುವಷ್ಟು ಹೊತ್ತು ಮಾತ್ರ ಹೊರಗಿಟ್ಟು, ಸಕ್ಕರೆ, ಹಳದಿ, ಮೈದಾ ಮತ್ತು ವೆನಿಲಾದೊಂದಿಗೆ ಗಂಟಿಲ್ಲದಂತೆ ಕಲಕುವುದು. ಟ್ರೇಗೆ ಬಟರ್ ಪೇಪರ್ ಹಾಸಿ, ಕೇಕ್ ಹಿಟ್ಟಿನ ಮುಕ್ಕಾಲು ಭಾಗವನ್ನು ಹರಡುವುದು. ಅದರ ಮೇಲೆ ಚೀಸ್ ಮಿಶ್ರಣವನ್ನು ಚಮಚದಿಂದ ಅಲ್ಲಲ್ಲಿ ಹಾಕಿ, ಉಳಿದ ಹಿಟ್ಟನ್ನು ನಡುನಡುವೆ ಸುರಿದು, ಚಾಕುವಿನ ತುದಿಯಿಂದ ಎಂಟು ಹತ್ತು ಸಲ ಎಳೆಯುವುದು. ಅದಕ್ಕಿಂತ ಹೆಚ್ಚು ಎಳೆದರೆ ಎರಡೂ ಬೆರೆತು ಸುರುಳಿ ಮಾಯವಾಗುವುದಲ್ಲದೆ, ಕೇಕ್ ಅಲ್ಲಲ್ಲಿ ಬೇಯದೆ ಉಳಿಯುವ ಸಾಧ್ಯತೆಯಿದೆ.

4.4 ಬೇಯಿಸುವುದು: 30ರಿಂದ 35 ನಿಮಿಷ ಬೇಯಿಸುವುದು. ಕೇಕ್ ಭಾಗಕ್ಕೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು. ಚೀಸ್ ಭಾಗವು ಟ್ರೇ ಅಲುಗಿಸಿದಾಗ ತುಳುಕಬಾರದು. ಸುರುಳಿಯಲ್ಲಿ ಮೊಟ್ಟೆಯ ಹಳದಿ ಇರುವುದರಿಂದ ಅದರ ನಡುಭಾಗ ಕನಿಷ್ಠ 71 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು. ಮಾರಾಟ ಮಾಡುವವರು ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳುವುದು ಸೂಕ್ತ. ಹಸಿ ಮೊಟ್ಟೆ ಬೆರೆತ ಹಿಟ್ಟನ್ನು ರುಚಿ ನೋಡಲು ಯಾರಿಗೂ, ವಿಶೇಷವಾಗಿ ಮಕ್ಕಳಿಗೆ, ಕೊಡಬಾರದು.

5. ತಂಪು ಮಾಡುವುದು ಮತ್ತು ಶೇಖರಣೆ

5.1 ಓವನ್ನಿನಿಂದ ತೆಗೆದ ಟ್ರೇಯನ್ನು ಜಾಲರಿಯ ಮೇಲಿಟ್ಟು ಆರಿಸಿ, 2 ಗಂಟೆಗಳೊಳಗೆ ರೆಫ್ರಿಜರೇಟರ್‌ನಲ್ಲಿ ಇಡತಕ್ಕದ್ದು. ಕೋಣೆಯ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ಮೀರಿದ್ದಲ್ಲಿ ಈ ಅವಧಿ 1 ಗಂಟೆ ಮಾತ್ರ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದರಿಂದ ಅಲ್ಲಿನ ತಯಾರಕರು ಈ ಅಂಶವನ್ನು ಕಡ್ಡಾಯವಾಗಿ ಗಮನಿಸುವುದು.

5.2 ರೆಫ್ರಿಜರೇಟರ್‌ನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. 5ರಿಂದ 60 ಡಿಗ್ರಿಗಳ ನಡುವೆ ಸೂಕ್ಷ್ಮಜೀವಿಗಳು ವೇಗವಾಗಿ ವೃದ್ಧಿಸುತ್ತವೆ. ಹಸಿ ಮಾಂಸ, ಮೀನು ಮತ್ತು ತೊಳೆಯದ ತರಕಾರಿಗಳನ್ನು ಕೇಕಿನ ಮೇಲಿನ ಅಂತಸ್ತಿನಲ್ಲಿ ಇಡಬಾರದು. ಬಾರ್‌ಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಡುವುದು.

5.3 ಕನಿಷ್ಠ 2 ಗಂಟೆ ತಂಪಾದ ನಂತರವೇ ಕತ್ತರಿಸುವುದು. ಬಿಸಿಯಿರುವಾಗ ಕತ್ತರಿಸಿದರೆ ಸುರುಳಿ ಹರಿಯುತ್ತದೆ. ಮೇಲಿನ ಅಳತೆಯಿಂದ ತಲಾ ಸುಮಾರು 50 ಗ್ರಾಂ ತೂಗುವ 16 ಬಾರ್‌ಗಳು ದೊರೆಯುತ್ತವೆ.

5.4 ತಂಪಿನಲ್ಲಿಟ್ಟರೂ ಇವು ಬಹುಕಾಲದ ತಿನಿಸಲ್ಲ. ಲಿಸ್ಟೀರಿಯಾದಂತಹ ಕೆಲವು ರೋಗಕಾರಕ ಜೀವಿಗಳು ರೆಫ್ರಿಜರೇಟರ್‌ನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲವು. ಗರ್ಭಿಣಿಯರು, ವಯೋವೃದ್ಧರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಿಗೆ ಇವುಗಳಿಂದ ಹೆಚ್ಚಿನ ಅಪಾಯವಿದೆ. ಮನೆಬಳಕೆಗೆ 3ರಿಂದ 4 ದಿನಗಳೊಳಗೆ ಮುಗಿಸುವುದು ಒಳ್ಳೆಯದು.

5.5 ವಿದ್ಯುತ್ ನಿಲುಗಡೆಯಾದಾಗ ಬಾಗಿಲು ತೆರೆಯದ ರೆಫ್ರಿಜರೇಟರ್ ಸುಮಾರು 4 ಗಂಟೆ ಕಾಲ ತಂಪನ್ನು ಉಳಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ವಿದ್ಯುತ್ ಇಲ್ಲದಿದ್ದಲ್ಲಿ ಆ ತಂಡದ ಬಾರ್‌ಗಳನ್ನು ಮಾರಾಟ ಮಾಡಬಾರದು. ವಾಸನೆ, ರುಚಿ ಸರಿಯಾಗಿದೆ ಎಂಬ ಮಾತ್ರಕ್ಕೆ ಸುರಕ್ಷಿತವೆಂದು ಭಾವಿಸಬಾರದು. ಒಂದು ಟ್ರೇಯ ನಷ್ಟವನ್ನು ಭರಿಸಿಕೊಳ್ಳಬಹುದು. ಹುಟ್ಟುಹಬ್ಬದ ಮನೆಯಲ್ಲಿ ಮಕ್ಕಳು ಅಸ್ವಸ್ಥರಾದರೆ ಆ ಹಾನಿಯನ್ನು ಸರಿಪಡಿಸಲಾಗದು.

6. ಮೊಟ್ಟೆರಹಿತ ತಯಾರಿಕೆ

ಅನೇಕ ಗ್ರಾಹಕರು ಮೊಟ್ಟೆಯಿಲ್ಲದ ಕೇಕನ್ನು ಅಪೇಕ್ಷಿಸುತ್ತಾರೆ. ಅಂತಹವರಿಗಾಗಿ ಕೇಕ್ ಭಾಗದಲ್ಲಿ 2 ಮೊಟ್ಟೆಗಳ ಬದಲು 120 ಗ್ರಾಂ ಗಟ್ಟಿ ಮೊಸರನ್ನೂ, ಸುರುಳಿಯಲ್ಲಿ ಹಳದಿಯ ಬದಲು 2 ಟೀ ಚಮಚ ಕಾರ್ನ್‌ಫ್ಲೋರ್ ಮತ್ತು 1 ದೊಡ್ಡ ಚಮಚ ಹಾಲಿನ ಕೆನೆಯನ್ನೂ ಬಳಸಬಹುದು. ಮೊಸರಿನ ಹುಳಿಯು ಸೋಡಾದೊಂದಿಗೆ ಸೇರಿ ಅನಿಲ ಉಂಟಾಗಿ ಕೇಕ್ ಉಬ್ಬುತ್ತದೆ. ಆದುದರಿಂದ ಹಿಟ್ಟನ್ನು ಕಲಸಿದ ಕೂಡಲೇ ಓವನ್ನಿಗೆ ಇಡುವುದು.

ಮೊಟ್ಟೆ ಹಾಕದ ಮಾತ್ರಕ್ಕೆ ಕೇಕ್ ಸಸ್ಯಾಹಾರವೆಂದು ತೀರ್ಮಾನಿಸದೆ, ಖರೀದಿಸಿದ ಕ್ರೀಮ್ ಚೀಸಿನ ಪೊಟ್ಟಣದ ಮೇಲೆ ಹಸಿರು ಚಿಹ್ನೆ ಇದೆಯೇ ಎಂಬುದನ್ನೂ ನೋಡತಕ್ಕದ್ದು. ಎರಡು ಬಗೆಯನ್ನೂ ತಯಾರಿಸುವವರು ಪಾತ್ರೆ, ಕಲಕುವ ಉಪಕರಣ, ಟ್ರೇ ಮತ್ತು ಚಾಕುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಸೂಕ್ತ. ಮೊಟ್ಟೆ ತಿನ್ನದವರ ನಂಬಿಕೆಯ ಜೊತೆಗೆ ಮೊಟ್ಟೆಯ ಅಲರ್ಜಿ ಇರುವವರ ಆರೋಗ್ಯವೂ ಇದನ್ನು ಅವಲಂಬಿಸಿರುತ್ತದೆ.

7. ಬಣ್ಣದ ಬಳಕೆ

ಕ್ಯಾರೆಟ್ ಕೇಕಿನ ಸಹಜ ಬಣ್ಣ ಕಂದು; ತುರಿಯ ಎಳೆಗಳು ಮಾತ್ರ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಕೇಕ್ ಪೂರ್ತಿ ಕಿತ್ತಳೆ ಬಣ್ಣದಲ್ಲಿರಬೇಕೆಂಬ ಬೇಡಿಕೆಗೆ ಕೃತಕ ಬಣ್ಣ ಸೇರಿಸುವ ಅಗತ್ಯವಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಬೇಕರಿಗಳಿಂದ ಸಂಗ್ರಹಿಸಿ ಪರೀಕ್ಷಿಸಲಾದ 235 ಕೇಕ್ ಮಾದರಿಗಳ ಪೈಕಿ 12 ಮಾದರಿಗಳಲ್ಲಿ ಸುರಕ್ಷಿತವಲ್ಲದ ಮಟ್ಟದ ಕೃತಕ ಬಣ್ಣಗಳು ಕಂಡುಬಂದವು. ಅವುಗಳಲ್ಲಿ ಅಲ್ಯೂರಾ ರೆಡ್, ಸನ್‌ಸೆಟ್ ಯೆಲ್ಲೋ, ಟಾರ್ಟ್ರಾಜಿನ್, ಕಾರ್ಮೋಯ್ಸಿನ್ ಮತ್ತು ಪಾನ್ಸೋ 4ಆರ್ ಬಣ್ಣಗಳು ಸೇರಿದ್ದವು. ಅನುಮತಿಸಿದ ಬಣ್ಣವೇ ಆದರೂ ಮಿತಿ ಮೀರಿದ ಬಳಕೆ ಅಪರಾಧವಾಗುತ್ತದೆ. ಅಳತೆಯಿಲ್ಲದೆ ಕೆಲವು ತೊಟ್ಟು ಬಣ್ಣ ಹಾಕುವ ರೂಢಿಯಲ್ಲಿ ಮಿತಿ ಮೀರುವುದು ಸುಲಭ.

8. ಲೇಬಲಿನಲ್ಲಿ ಇರಬೇಕಾದ ವಿವರಗಳು

ಪೊಟ್ಟಣ ಕಟ್ಟಿ ಮಾರುವ ತಿನಿಸಿಗೆ 2020ರ ಲೇಬಲಿಂಗ್ ಮತ್ತು ಪ್ರದರ್ಶನ ವಿನಿಯಮಗಳು ಅನ್ವಯಿಸುತ್ತವೆ. ಮುಖ್ಯಾಂಶಗಳು ಹೀಗಿವೆ:

ಅ) ಸಾಮಗ್ರಿಗಳ ಪಟ್ಟಿ: ಹೆಚ್ಚು ತೂಕದಿಂದ ಕಡಿಮೆ ತೂಕದ ಕ್ರಮದಲ್ಲಿ ಬರೆಯುವುದು. ಮೊಟ್ಟೆಯುಳ್ಳ ಮೇಲಿನ ತಯಾರಿಕೆಯಲ್ಲಿ ಈ ಕ್ರಮವು ಕ್ರೀಮ್ ಚೀಸ್, ಸಕ್ಕರೆ, ಕ್ಯಾರೆಟ್, ಮೈದಾ, ಮೊಟ್ಟೆ, ಎಣ್ಣೆ, ಅಕ್ರೋಟು ಎಂದಾಗುತ್ತದೆ. ಹೆಸರು ಕ್ಯಾರೆಟ್ ಕೇಕ್ ಎಂದಿದ್ದರೂ ಪಟ್ಟಿಯಲ್ಲಿ ಕ್ಯಾರೆಟ್ ಮೂರನೆಯದು. ಕ್ರೀಮ್ ಚೀಸಿನೊಳಗಿನ ಘಟಕಗಳನ್ನು ಆವರಣದಲ್ಲಿ ನಮೂದಿಸುವುದು.

ಆ) ಹೆಸರಿನಲ್ಲಿ ಎತ್ತಿ ಹೇಳಿದ ಸಾಮಗ್ರಿಯ ಶೇಕಡಾ ಪ್ರಮಾಣ: ಇಲ್ಲಿ ತಯಾರಿಕೆಯ ವೇಳೆ ಕ್ಯಾರೆಟ್ ಸುಮಾರು ಶೇ. 16, ಕ್ರೀಮ್ ಚೀಸ್ ಸುಮಾರು ಶೇ. 21.

ಇ) ಚಿಹ್ನೆ: ಮೊಟ್ಟೆ ಇರುವ ತಿನಿಸಿಗೆ ಕಂದು ಚೌಕದೊಳಗೆ ಕಂದು ತ್ರಿಕೋನ, ಸಸ್ಯಾಹಾರಿ ತಿನಿಸಿಗೆ ಹಸಿರು ಚೌಕದೊಳಗೆ ಹಸಿರು ವೃತ್ತ. ಮೊಟ್ಟೆಯ ಹೊರತು ಬೇರೆ ಮಾಂಸಾಹಾರಿ ಪದಾರ್ಥ ಇಲ್ಲದಿದ್ದಲ್ಲಿ ಚಿಹ್ನೆಯ ಜೊತೆಗೆ ಆ ವಿಷಯವನ್ನೂ ತಿಳಿಸಬಹುದು.

ಈ) ಅಲರ್ಜಿ ಸೂಚನೆ: ಗೋಧಿ (ಗ್ಲುಟೆನ್), ಹಾಲು, ಮೊಟ್ಟೆ ಮತ್ತು ಅಕ್ರೋಟು ಇವೆ ಎಂಬುದನ್ನು ಸ್ಪಷ್ಟವಾಗಿ ಬರೆಯುವುದು. ಅಕ್ರೋಟು ಕೇಕಿನೊಳಗೆ ಅಡಗಿರುವುದರಿಂದ ತಿನ್ನುವವರಿಗೆ ಕಣ್ಣಿಗೆ ಕಾಣುವುದಿಲ್ಲ.

ಉ) ತಯಾರಿಕೆಯ ದಿನಾಂಕ ಮತ್ತು ಬಳಕೆಯ ಕೊನೆಯ ದಿನಾಂಕ, ತಂಡದ ಸಂಖ್ಯೆ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ.

ಊ) ತಯಾರಕರ ಹೆಸರು, ಪೂರ್ಣ ವಿಳಾಸ ಮತ್ತು ಎಫ್‌ಎಸ್‌ಎಸ್‌ಎಐ ಚಿಹ್ನೆಯೊಂದಿಗೆ 14 ಅಂಕಿಗಳ ನೋಂದಣಿ ಸಂಖ್ಯೆ.

ಋ) ಶೇಖರಣಾ ಸೂಚನೆ: “5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇಡಿ” ಎಂಬ ಒಂದು ಸಾಲು ಈ ತಿನಿಸಿನ ಮಟ್ಟಿಗೆ ಅತಿ ಮುಖ್ಯ. ಇದಿಲ್ಲದಿದ್ದರೆ ಗ್ರಾಹಕರು ಸಾಧಾರಣ ಕೇಕಿನಂತೆ ಹೊರಗೇ ಇಡುತ್ತಾರೆ.

9. ನೋಂದಣಿ ವಿಧಾನ

9.1 ಯಾರಿಗೆ: 2011ರ ಆಗಸ್ಟ್ 5ರಂದು ಜಾರಿಗೆ ಬಂದ ಪರವಾನಗಿ ಮತ್ತು ನೋಂದಣಿ ವಿನಿಯಮಗಳು ವಾರ್ಷಿಕ ವಹಿವಾಟು ರೂ. 12 ಲಕ್ಷ ಮೀರದ ಸಣ್ಣ ಆಹಾರ ವ್ಯಾಪಾರಿಗಳಿಗೆ ಪರವಾನಗಿಯ ಬದಲು ನೋಂದಣಿಯನ್ನು ಗೊತ್ತುಪಡಿಸಿ, ವರ್ಷಕ್ಕೆ ರೂ. 100/- ಶುಲ್ಕ ನಿಗದಿ ಮಾಡಿದವು. ವಹಿವಾಟಿನ ಮಿತಿ, ಶುಲ್ಕ ಮತ್ತು ಅವಧಿಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಅರ್ಜಿ ಸಲ್ಲಿಸುವ ದಿನ ಜಾಲತಾಣದಲ್ಲಿ ತೋರುವ ವಿವರವನ್ನೇ ಅಂತಿಮವೆಂದು ಪರಿಗಣಿಸುವುದು.

9.2 ಎಲ್ಲಿ: 2020ರಲ್ಲಿ ಆರಂಭವಾದ ಫಾಸ್ಕಾಸ್ ಜಾಲತಾಣದಲ್ಲಿ ನಮೂನೆ ‘ಎ’ಯಲ್ಲಿ ಅರ್ಜಿ ಸಲ್ಲಿಸುವುದು. ಗಣಕಯಂತ್ರದ ಸೌಲಭ್ಯವಿಲ್ಲದವರು ಸಾಮಾನ್ಯ ಸೇವಾ ಕೇಂದ್ರಗಳ ನೆರವು ಪಡೆಯಬಹುದು. ಕೇಕ್ ತಯಾರಿಸುವವರು ಮಾರಾಟಗಾರರೆಂದಷ್ಟೇ ಅಲ್ಲದೆ ತಯಾರಕರೆಂದು ನಮೂದಿಸತಕ್ಕದ್ದು. ಕೇಕ್‌ಗಳು ಆಹಾರ ವರ್ಗ 7, ಅಂದರೆ ಬೇಕರಿ ಉತ್ಪನ್ನಗಳ ಅಡಿಯಲ್ಲಿ ಬರುತ್ತವೆ.

9.3 ದಾಖಲೆಗಳು: ಅರ್ಜಿದಾರರ ಭಾವಚಿತ್ರ, ಗುರುತಿನ ಪುರಾವೆ ಮತ್ತು ತಯಾರಿಕಾ ಸ್ಥಳದ ವಿಳಾಸದ ಪುರಾವೆ.

9.4 ಕಾಲಮಿತಿ: 2011ರ ವಿನಿಯಮಗಳಂತೆ ಅರ್ಜಿ ತಲುಪಿದ 7 ದಿನಗಳೊಳಗೆ ನೋಂದಣಿ ನೀಡುವುದು, ಲಿಖಿತ ಕಾರಣದೊಂದಿಗೆ ತಿರಸ್ಕರಿಸುವುದು ಅಥವಾ ಪರಿಶೀಲನೆಗೆ ಸೂಚನೆ ನೀಡುವುದು ನೋಂದಣಿ ಪ್ರಾಧಿಕಾರದ ಹೊಣೆ. ಪರಿಶೀಲನೆ ನಡೆಸುವುದಾದಲ್ಲಿ 30 ದಿನಗಳೊಳಗೆ ತೀರ್ಮಾನವಾಗಬೇಕು.

9.5 ಪರಿಶೀಲನೆಯಲ್ಲಿ ನೋಡುವ ಅಂಶಗಳು: ಇವು ಅನುಸೂಚಿ 4ರ ಭಾಗ 1ರಲ್ಲಿವೆ. ಅಡುಗೆಮನೆಯ ಸ್ವಚ್ಛತೆ, ಬೆಳಕು ಮತ್ತು ಗಾಳಿ, ಕುಡಿಯಲು ಯೋಗ್ಯವಾದ ನೀರು, ಮುಚ್ಚಳವಿರುವ ಕಸದ ಡಬ್ಬಿ, ಕೀಟ ಮತ್ತು ಇಲಿಗಳ ನಿಯಂತ್ರಣ, ತಯಾರಿಸುವವರ ವೈಯಕ್ತಿಕ ಶುಚಿತ್ವ ಮುಂತಾದವು ಇದರಲ್ಲಿ ಸೇರಿವೆ. ಪ್ರತ್ಯೇಕ ಕಟ್ಟಡ ಕಡ್ಡಾಯವಲ್ಲ. ಸಾಂಕ್ರಾಮಿಕ ಕಾಯಿಲೆ ಇರುವಾಗ ತಯಾರಿಕೆಯಲ್ಲಿ ತೊಡಗಬಾರದು. ಕೈಗೆ ಗಾಯವಾಗಿದ್ದಲ್ಲಿ ಅದನ್ನು ಮುಚ್ಚಿಕೊಳ್ಳತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾರಕ್ಕೆ ಒಂದೇ ಟ್ರೇ ಮಾರಿದರೂ ನೋಂದಣಿ ಬೇಕೇ?
ಉತ್ತರ: ಬೇಕು. ಹಣ ಪಡೆದು ನಿಯತವಾಗಿ ಮಾರುವುದು ಆಹಾರ ವ್ಯಾಪಾರವೇ ಆಗುತ್ತದೆ. ಮನೆಯವರಿಗಾಗಿ ತಯಾರಿಸುವುದಕ್ಕೆ ನೋಂದಣಿ ಅಗತ್ಯವಿಲ್ಲ.

ಪ್ರಶ್ನೆ: ಬಾಡಿಗೆ ಮನೆ ಬದಲಿಸಿದರೆ ಹಳೆಯ ನೋಂದಣಿ ಸಾಕೇ?
ಉತ್ತರ: ಸಾಲದು. ನೋಂದಣಿಯನ್ನು ನಿರ್ದಿಷ್ಟ ಸ್ಥಳಕ್ಕೆ ನೀಡಲಾಗುತ್ತದೆ. ಹೊಸ ವಿಳಾಸಕ್ಕೆ ಅದು ತಾನಾಗಿಯೇ ಅನ್ವಯಿಸುವುದಿಲ್ಲ.

ಪ್ರಶ್ನೆ: ಸುರುಳಿ ಇಲ್ಲದೆ ಬರಿಯ ಕ್ಯಾರೆಟ್ ಕೇಕನ್ನು ಮಾರಬಹುದೇ?
ಉತ್ತರ: ಮಾರಬಹುದು. ರೆಫ್ರಿಜರೇಟರ್ ಅಥವಾ ತಂಪಿನಲ್ಲಿ ಸಾಗಿಸುವ ಸೌಲಭ್ಯವಿಲ್ಲದವರಿಗೆ ಇದೇ ಸೂಕ್ತ. ಆದರೂ ಕ್ಯಾರೆಟ್ಟಿನ ತೇವದಿಂದಾಗಿ ಇದು ಒಣ ಕೇಕಿಗಿಂತ ಬೇಗ ಬೂಸ್ಟು ಹಿಡಿಯುತ್ತದೆ. ತೀರಾ ಕಡಿಮೆ ಅವಧಿಯನ್ನೇ ನಮೂದಿಸುವುದು.

ಪ್ರಶ್ನೆ: ದೂರದ ಗ್ರಾಹಕರಿಗೆ ಹೇಗೆ ತಲುಪಿಸಬೇಕು?
ಉತ್ತರ: ಚೆನ್ನಾಗಿ ತಂಪಾದ ಬಾರ್‌ಗಳನ್ನು ಐಸ್ ಪ್ಯಾಕ್‌ಗಳೊಂದಿಗೆ ಶಾಖ ತಡೆಯುವ ಪೆಟ್ಟಿಗೆಯಲ್ಲಿ ಕಳುಹಿಸುವುದು. ತಂಪಿನ ವ್ಯವಸ್ಥೆಯಿಲ್ಲದೆ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಕಳುಹಿಸುವುದು ಈ ತಿನಿಸಿಗೆ ತಕ್ಕದ್ದಲ್ಲ.

11. ಅರ್ಜಿದಾರರ ಗಮನಕ್ಕೆ

ಅರ್ಜಿ ಸಲ್ಲಿಸುವ ಮುನ್ನ ರೆಫ್ರಿಜರೇಟರ್‌ನ ಉಷ್ಣತೆಯನ್ನು ಥರ್ಮಾಮೀಟರಿನಿಂದ ಪರೀಕ್ಷಿಸಿ, ಒಂದು ಟ್ರೇ ತಯಾರಿಸಿ, ಪ್ರತಿಯೊಂದು ಬಾರನ್ನೂ ತೂಗಿ, ಲೇಬಲಿನ ಕರಡನ್ನು ಸಿದ್ಧಪಡಿಸಿಕೊಳ್ಳುವುದು. ಈ ನಾಲ್ಕು ಕೆಲಸಗಳು ಮುಗಿದಿದ್ದಲ್ಲಿ ಪರಿಶೀಲನೆಯ ವೇಳೆ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ. ತಯಾರಿಸಿದವರ ಮುಖವನ್ನೇ ಕಾಣದ ಗ್ರಾಹಕರು ಲೇಬಲಿನ ಮೇಲಿನ ನಾಲ್ಕು ಸಾಲುಗಳನ್ನು ನಂಬಿ ತಿನಿಸನ್ನು ಮನೆಗೆ ಒಯ್ಯುತ್ತಾರೆ. ಆ ಸಾಲುಗಳು ಸತ್ಯವಾಗಿರುವಂತೆ ನೋಡಿಕೊಳ್ಳುವುದು ತಯಾರಕರ ಮೊದಲ ಕರ್ತವ್ಯವಾಗಿರುತ್ತದೆ.